ಟಾಕು, ದೌತಿ, ಇಂಕು ಪೆನ್ನು

ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಕೊಡಿ ಎಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದರು. ಶಾಲೆಯ ಕಟ್ಟಡ ಎದ್ದ ಕಥೆ, ಮುಖ್ಯಾಧ್ಯಾಪಕರ ಪರಂಪರೆ, ಆಟೋಟದಲ್ಲಿ ಗೆದ್ದ ಢಾಲುಗಳ ಲೆಕ್ಕ ಇವನ್ನೆಲ್ಲ ನನಗಿಂತ ಚೆನ್ನಾಗಿ ಬಲ್ಲವರು ಬರೆಯುತ್ತಾರೆ; ನಾನು ಇಂಕು ಪೆನ್ನಿನ ಚರಿತ್ರೆ ಬರೆಯುತ್ತೇನೆ ಎಂದೆ. ಅವರು ನಕ್ಕರು. ಪೆನ್ನಿಗೆ ಎಂಥಾ ಚರಿತ್ರೆ ಎಂಬಂತಿತ್ತು ಆ ನಗು. ಆದರೆ ನಮ್ಮ ಮನೆಯ ಹಳೇ ಟ್ರಂಕಿನಲ್ಲಿ ಇವತ್ತಿಗೂ ಒಂದು ಕಾಗದವಿದೆ. ಅರ್ಧ ತುಂಬಿದ ಅರ್ಜಿ. ಅದರ ನಡುವೆ ಎಂಟಾಣೆ ನಾಣ್ಯದಷ್ಟು ದೊಡ್ಡ ನೀಲಿ ಕಲೆ. ಆ ಕಲೆ ನನ್ನ ಪೆನ್ನಿನದು. ಅದರ ಕಥೆಗೆ ಬರುವ ಮೊದಲು, ನಮ್ಮ ಕಡೆ ಬರೆಯುವ ಸಾಧನ ಯಾರ ಕೈಯಲ್ಲಿತ್ತು, ನಮ್ಮ ಕೈಗೆ ಹೇಗೆ ಬಂತು ಎಂಬುದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು.

ಬರವಣಿಗೆ ನಮ್ಮ ನಾಡಿಗೆ ಹೊಸದಲ್ಲ. ತಾಳೆಗರಿಯ ಮೇಲೆ ಕಂಠದಿಂದ ಕೊರೆದು ಮಸಿ ತಿಕ್ಕುತ್ತಿದ್ದರು. ದಿನದ ಲೆಕ್ಕಕ್ಕೆ ಕಡತವಿತ್ತು. ಇಂದು ಕಚೇರಿಯಲ್ಲಿ ಕಡತ ಎಂದರೆ ಫೈಲು. ಮೊದಲು ಅದು ಬಟ್ಟೆ. ಹುಣಿಸೆ ಬೀಜದ ಸರಿಯಲ್ಲಿ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಪಟ್ಟೆಪಟ್ಟೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದರು. ಬೇಡವಾದದ್ದನ್ನು ಅಳಿಸಿ ಮತ್ತೆ ಬಳಿದರೆ ಹೊಸ ಕಡತ. ಕಾಗದ ಬಂದ ಮೇಲೆ ಲೆಕ್ಕಣಿಕೆ ಬಂತು. ಅಣಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಹಾಕಿದರೆ ನೀರು ಕಪ್ಪಗಾಗುತ್ತದೆ. ಮಂದವಾಗಲು ಸ್ವಲ್ಪ ಜಾಲಿಯ ಅಂಟು. ಅಣಲೆಯ ಒಗರೂ ಅನ್ನಭೇದಿಯ ಕಬ್ಬಿಣವೂ ಕೂಡಿ ಹುಟ್ಟಿದ ಆ ಮಸಿ ಕಾಗದದೊಳಗೆ ಇಳಿದು, ಗಾಳಿ ತಾಗಿದಷ್ಟೂ ಕಪ್ಪಾಗುತ್ತದೆ. ನೀರು ಬಿದ್ದರೂ ಸುಲಭಕ್ಕೆ ಹೋಗದು. ಯುರೋಪಿನವರು ಓಕ್ ಮರದ ಗಂಟಿನಿಂದ ಮಾಡುತ್ತಿದ್ದ ಮಸಿಯ ಗುಟ್ಟೂ ಇದೇ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆದರೆ ಲೆಕ್ಕಣಿಕೆ ಎಲ್ಲರ ಮನೆಯ ಸಾಮಾನಲ್ಲ. ಅದು ಶಾನಭಾಗರ ಚಾವಡಿಯಲ್ಲಿತ್ತು, ಸಾಹುಕಾರರ ಗದ್ದುಗೆಯ ಬದಿಗಿತ್ತು, ದೇವಸ್ಥಾನದ ಮೊಕ್ತೇಸರರ ಪೆಟ್ಟಿಗೆಯಲ್ಲಿತ್ತು. ಗಜನಿಯಲ್ಲಿ ಸೊಂಟದವರೆಗೆ ಕೆಸರಲ್ಲಿ ನಿಂತು ಕಗ್ಗ ಭತ್ತ ಬೆಳೆಯುವವನಿಗೆ, ಸಾಣಿಕಟ್ಟೆಯ ಆಗರದಲ್ಲಿ ಉಪ್ಪು ಎಳೆಯುವವನಿಗೆ, ಅಘನಾಶಿನಿಯಲ್ಲಿ ಬಲೆ ಬೀಸುವವನಿಗೆ ಬರವಣಿಗೆ ಎಂದರೆ ಬೇರೆಯವರು ತನ್ನ ಬಗ್ಗೆ ಬರೆದದ್ದು. ಅವನ ಪಾಲಿಗೆ ಬಂದದ್ದು ಕೊನೆಯಲ್ಲಿ ಹೆಬ್ಬೆಟ್ಟಿಗೆ ಹಚ್ಚುವ ಮಸಿ ಮಾತ್ರ.

1862ರಲ್ಲಿ ನಮ್ಮ ಜಿಲ್ಲೆ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬರುವ ತನಕ ನಮ್ಮ ಶಾಲೆ, ಪರೀಕ್ಷೆ, ಕಚೇರಿ ಎಲ್ಲ ಆ ಕಡೆಯ ಪದ್ಧತಿ. ಹಾಗಾಗಿಯೇ ನಮ್ಮ ಬಾಯಲ್ಲಿ ಇಯತ್ತೆ, ಪಾಟಿ, ಟಾಕು ಎಂಬ ಮಾತುಗಳು ಉಳಿದಿವೆ. ಕನ್ನಡ ಶಾಲೆಯ ಹುಡುಗ ಮೊದಲು ಉಸುಕಿನಲ್ಲಿ ತಿದ್ದಿ, ಪಾಟಿಗೆ ಬಂದು, ಮೇಲಿನ ಇಯತ್ತೆಗೆ ಹೋದಾಗ ಟಾಕು ಹಿಡಿಯುತ್ತಿದ್ದ. ಟಾಕು ಎಂದರೆ ಮರದ ಹಿಡಿಕೆಗೆ ಸಿಕ್ಕಿಸಿದ ಉಕ್ಕಿನ ಮೊನೆ. ದೌತಿಯಲ್ಲಿ ಅದ್ದಬೇಕು, ಎರಡು ಮೂರು ಶಬ್ದ ಬರೆಯಬೇಕು, ಮತ್ತೆ ಅದ್ದಬೇಕು. ಮುಲ್ಕಿ ಪರೀಕ್ಷೆ ಪಾಸು ಮಾಡಿ ಮಾಸ್ತರಿಕೆಗೆ ಹೋದ ನಮ್ಮ ಹಿರಿಯರೆಲ್ಲ ಬರೆದದ್ದು ಹೀಗೆ. ಟಾಕನ್ನು ಹಗುರವಾಗಿ ಕಾಣಬೇಕಾಗಿಲ್ಲ. ಭಾರತದ ಸಂವಿಧಾನದ ಇಂಗ್ಲಿಷ್ ಮೂಲಪ್ರತಿಯನ್ನು ದೆಹಲಿಯ ಪ್ರೇಮ್ ಬಿಹಾರಿ ನಾರಾಯಣ ರಾಯಜಾದಾ ಕೈಯಿಂದ ಬರೆದದ್ದು 303 ನಂಬರಿನ ನಿಬ್ಬು ಸಿಕ್ಕಿಸಿದ ಇಂಥ ಅದ್ದುವ ಪೆನ್ನಿನಿಂದಲೇ.

ಟಾಕಿನ ತೊಂದರೆ ಏನೆಂದರೆ ಅದು ಕೂತಲ್ಲಿ ಕೂರುವವರ ಸಾಧನ. ದೌತಿ ಜೊತೆಗೆ ಬೇಕು, ಸಮತಟ್ಟಾದ ಜಾಗ ಬೇಕು. ದೌತಿಯನ್ನು ದಾರದಲ್ಲಿ ಕಟ್ಟಿ ಬೆರಳಿಗೆ ತೂಗಿಸಿಕೊಂಡು ಗದ್ದೆಯ ಹಾಳಿ ಮೇಲೆ ಶಾಲೆಗೆ ಓಡುವ ಹುಡುಗನ ಅಂಗಿ ನೋಡಿದರೆ ಅವನು ಎಲ್ಲಿ ಎಡವಿದ ಎಂದು ಹೇಳಬಹುದಾಗಿತ್ತು ಎಂದು ನನ್ನ ದೊಡ್ಡಪ್ಪ ನಗುತ್ತಿದ್ದರು.

ಮಸಿಯನ್ನು ಪೆನ್ನಿನ ಹೊಟ್ಟೆಯಲ್ಲೇ ತುಂಬಿಡುವ ಪ್ರಯತ್ನ ಹಳೆಯದು. ಕಷ್ಟ ಇದ್ದದ್ದು ತುಂಬುವುದರಲ್ಲಿ ಅಲ್ಲ, ಬಿಡುವುದರಲ್ಲಿ. ಬಾಯಿ ಕಿರಿದಾದರೆ ಮಸಿ ಇಳಿಯದು, ಹಿರಿದಾದರೆ ಸುರಿಯುತ್ತದೆ. ನ್ಯೂಯಾರ್ಕಿನ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದ ಪೆನ್ನು ಈ ತೊಡಕನ್ನು ಬಿಡಿಸಿತು. ನಿಬ್ಬಿನ ಕೆಳಗೆ ಇರುತ್ತದಲ್ಲ, ನಾವು ನಾಲಿಗೆ ಎನ್ನುತ್ತೇವೆ, ಅದರಲ್ಲಿ ಸಣ್ಣ ಸೀಳುಗಳನ್ನು ಕೊರೆದರು. ಸೀಳಿನಲ್ಲಿ ಮಸಿ ತಾನಾಗಿ ಹರಿದು ನಿಬ್ಬಿಗೆ ಬರುತ್ತದೆ. ಇಳಿದಷ್ಟೇ ಮಸಿಯ ಜಾಗಕ್ಕೆ ಅದೇ ದಾರಿಯಲ್ಲಿ ಗಾಳಿ ಒಳಗೆ ಹೋಗುತ್ತದೆ. ತುಂಬಿದ ತಂಬಿಗೆಯ ಬಾಯಿಗೆ ಅಂಗೈ ಮುಚ್ಚಿ ಬೋರಲು ಹಾಕಿ, ಅಂಗೈಯನ್ನು ಕೂದಲೆಳೆಯಷ್ಟು ಸಡಿಲಿಸಿದರೆ ನೀರು ಹೇಗೆ ಗುಳುಗುಳು ಎಂದು ಬಿಟ್ಟುಬಿಟ್ಟು ಇಳಿಯುತ್ತದೋ ಹಾಗೆ. ನಂಬಿಕಸ್ಥ ಪೆನ್ನು ಎಂದರೆ ಈ ಕೊಡುಕೊಳ್ಳುವಿಕೆ ಸರಿಯಾಗಿ ನಡೆಯುವ ಪೆನ್ನು. ಬಂಗಾರದ ಕ್ಯಾಪು, ಹೆಸರು ಕೆತ್ತಿದ ಪಟ್ಟಿ ಇವೆಲ್ಲ ಮೇಲಿನ ಮಾತು.

ನಮ್ಮ ಕರಾವಳಿಗೆ ಈ ಪೆನ್ನು ಬಂದದ್ದು ಹೆಚ್ಚಾಗಿ ಮುಂಬಯಿಯಿಂದ. ಹೊಟೇಲಿಗೆ, ಗಿರಣಿಗೆ, ಕಚೇರಿಯ ಗುಮಾಸ್ತಿಕೆಗೆ ಹೋದವರು ಮೇ ತಿಂಗಳಲ್ಲೋ ಚೌತಿಗೋ ಊರಿಗೆ ಬಂದಾಗ ಅಂಗಿಯ ಜೇಬಿನಲ್ಲಿ ಕ್ಲಿಪ್ಪು ಹೊಳೆಯುತ್ತಿತ್ತು. ಬರೆಯಲು ಬಾರದವರೂ ಒಂದು ಪೆನ್ನು ಸಿಕ್ಕಿಸಿಕೊಂಡು ಬಂದದ್ದುಂಟು. ನಾವು ಅದನ್ನು ಹಾಸ್ಯ ಮಾಡುತ್ತಿದ್ದೆವು. ಈಗ ಯೋಚಿಸಿದರೆ ಹಾಸ್ಯ ಮಾಡುವ ವಿಷಯ ಆಗಿರಲಿಲ್ಲ.

ಅದು ಸ್ವದೇಶಿಯ ಕಾಲವೂ ಹೌದು. 1930ರ ಏಪ್ರಿಲ್‌ನಲ್ಲಿ ಪಕ್ಕದ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಮುಂದೆ ಕರನಿರಾಕರಣೆಯಲ್ಲಿ ನಮ್ಮ ಜಿಲ್ಲೆಯ ರೈತರು ಹೊಲ ಮನೆ ಕಳೆದುಕೊಂಡರು. ವಿದೇಶಿ ಬಟ್ಟೆ ಸುಟ್ಟವರ ಜೇಬಿನಲ್ಲಿ ವಿದೇಶಿ ಪೆನ್ನು ಇರುವುದು ಹೇಗೆ? ಆಂಧ್ರದ ರಾಜಮಂಡ್ರಿಯಲ್ಲಿ ಕೆ. ವಿ. ರತ್ನಂ ಎಂಬ ಅಕ್ಕಸಾಲಿ ಕೈಯಿಂದಲೇ ಕಡೆದು ಪೆನ್ನು ಮಾಡಿ, ಗ್ರಾಮೋದ್ಯೋಗ ಸಂಘದ ಕುಮಾರಪ್ಪನವರ ಮೂಲಕ ಗಾಂಧೀಜಿಗೆ ಕಳಿಸಿದರು. ಪೇಟೆಯಲ್ಲಿ ಸಿಗುವ ವಿದೇಶಿ ಪೆನ್ನುಗಳಿಗೆ ಇದು ಒಳ್ಳೆಯ ಬದಲಿ ಎಂಬರ್ಥದಲ್ಲಿ ಗಾಂಧೀಜಿ 1935ರ ಜುಲೈಯಲ್ಲಿ ಅವರಿಗೆ ಉತ್ತರ ಬರೆದರು. ಅದರ ಹಿಂದಿನ ವರ್ಷವಷ್ಟೇ, 1934ರಲ್ಲಿ, ಹರಿಜನ ಪ್ರವಾಸದಲ್ಲಿ ಅವರು ನಮ್ಮ ಜಿಲ್ಲೆಗೂ ಬಂದು ಹೋಗಿದ್ದರು. ಶಾಯಿಯಲ್ಲೂ ಇದೇ ಕಥೆ. ಮುಂಬಯಿಯ ದಾಂಡೇಕರ ಸಹೋದರರು 1931ರಲ್ಲಿ ಆರಂಭಿಸಿದ ಶಾಯಿಯ ಉದ್ಯಮವೇ ಮುಂದೆ ನಮಗೆಲ್ಲ ಒಂಟೆಯ ಚಿತ್ರದಿಂದ ಪರಿಚಯವಾದ ಕ್ಯಾಮ್ಲಿನ್. 1934ರಲ್ಲಿ ಬಂಗಾಳದಲ್ಲಿ ಹುಟ್ಟಿದ್ದು ಸುಲೇಖಾ. ಗಾಂಧೀಜಿಯವರ ಅಕ್ಷರ ಚೆನ್ನಾಗಿರಲಿಲ್ಲ, ಅದಕ್ಕಾಗಿ ಅವರು ಆತ್ಮಕಥೆಯಲ್ಲಿ ಬಹಳ ಪಶ್ಚಾತ್ತಾಪಪಟ್ಟಿದ್ದಾರೆ, ಮಕ್ಕಳಿಗೆ ಬರವಣಿಗೆಗಿಂತ ಮೊದಲು ಚಿತ್ರ ಬಿಡಿಸುವುದನ್ನು ಕಲಿಸಬೇಕು ಎಂದಿದ್ದಾರೆ. ನಮ್ಮ ಕನ್ನಡ ಮಾಸ್ತರರು ಈ ವಿಷಯವನ್ನು ವರ್ಷಕ್ಕೆ ನಾಲ್ಕು ಸಲವಾದರೂ, ಸಾಮಾನ್ಯವಾಗಿ ನನ್ನ ಪಟ್ಟಿ ಕೈಯಲ್ಲಿ ಹಿಡಿದುಕೊಂಡು, ಹೇಳುತ್ತಿದ್ದರು.

ನಾನು ಎಂಟನೇ ಇಯತ್ತೆಗೆ ಬಂದದ್ದು 1974ರ ಜೂನಿನಲ್ಲಿ. ನಮ್ಮ ಮನೆಯಲ್ಲಿ ಹೈಸ್ಕೂಲಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು. ಅಪ್ಪ ಕುಮಟೆಯ ಪೇಟೆಯಿಂದ ಒಂದು ಪೆನ್ನು ತಂದುಕೊಟ್ಟ. ಪ್ಲಾಸ್ಟಿಕ್ ಪೆನ್ನು, ಕೆಂಪು ಮೈ, ಕಪ್ಪು ಕ್ಯಾಪು, ಕಂಪನಿಯ ಹೆಸರಿಲ್ಲ. (ಅದಕ್ಕೂ ಹಿಂದಿನ ಪೆನ್ನುಗಳು ಎಬೊನೈಟಿನವು, ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿ ಗಟ್ಟಿ ಮಾಡಿದ ವಸ್ತು, ಉಜ್ಜಿದರೆ ಗಂಧಕದ ವಾಸನೆ ಬರುತ್ತದೆ. ಪ್ಲಾಸ್ಟಿಕ್ ಬಂದ ಮೇಲೆ ಪೆನ್ನು ಬಡವರ ಕೈಗೂ ಎಟುಕಿತು. ನಮ್ಮ ನೆರೆಯ ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಹೊಟ್ಟೆಪಾಡಿಗೆ ಮಾಡಿದ್ದು ಪ್ಲಾಸ್ಟಿಕ್ ಉದ್ಯಮದ ಕೆಲಸ ಎಂಬುದು ಇಲ್ಲಿ ಸುಮ್ಮನೆ ನೆನಪಾಯಿತು.)

ಪೆನ್ನು ಇದ್ದರೆ ಸಾಲದು, ಅದನ್ನು ಸಾಕಬೇಕು. ಈ ವಿದ್ಯೆ ಪಠ್ಯಪುಸ್ತಕದಲ್ಲಿರಲಿಲ್ಲ, ಬೆಂಚಿನಲ್ಲಿ ಪಕ್ಕದವನಿಂದ ಬರುತ್ತಿತ್ತು. ಹೊಸ ನಿಬ್ಬು ಗೀರುತ್ತದೆ. ಪಾಟಿಯ ಕಲ್ಲಿನ ಮೇಲೆ ನೀರು ಹಾಕಿ ಎಂಟರ ಆಕಾರದಲ್ಲಿ ಹಗುರವಾಗಿ ಉಜ್ಜಬೇಕು. ಕನ್ನಡಕ್ಕೆ ಇದು ಹೆಚ್ಚು ಅಗತ್ಯ. ನಮ್ಮ ಅಕ್ಷರಗಳೆಲ್ಲ ದುಂಡು. ಮೊನೆ ಬಲಕ್ಕೆ, ಎಡಕ್ಕೆ, ಮೇಲಕ್ಕೆ ಎಲ್ಲ ಕಡೆ ತಿರುಗಬೇಕು. ಕೆಳಕ್ಕೆ ಎಳೆಯುವಾಗ ನುಣುಪಾಗಿದ್ದು ಒತ್ತಕ್ಷರಕ್ಕೆ ಮೇಲೆ ತಿರುಗಿಸುವಾಗ ಕಾಗದ ಕೆರೆಯುವ ನಿಬ್ಬು ಇಂಗ್ಲಿಷಿಗೆ ನಡೆದೀತು, ಕನ್ನಡಕ್ಕೆ ಸಲ್ಲದು. ಮರೆಯಲ್ಲಿ ಮಸಿ ಒಸರಿದರೆ ಮೋಂಬತ್ತಿಯ ಮೇಣವನ್ನೋ ಸಾಬೂನನ್ನೋ ಸವರಿ ತಿರುಪಬೇಕು. ನಿಬ್ಬಿನ ಸೀಳಿನಲ್ಲಿ ಕಾಗದದ ನಾರು ಸಿಕ್ಕಿದರೆ ಅರ್ಧ ಬ್ಲೇಡಿನ ಅಂಚು ಹಾಯಿಸಬೇಕು, ಒತ್ತಬಾರದು. ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಬೇಕು. ಅದೂ ಬೇಸಿಗೆಯಲ್ಲಿ ಗಜನಿಯ ಬದಿಯ ಬಾವಿಯ ನೀರಲ್ಲ. ಆ ಉಪ್ಪು ನೀರಿನಲ್ಲಿ ತೊಳೆದ ಪೆನ್ನು ಎರಡು ದಿನ ಚೆನ್ನಾಗಿ ಬರೆದು ಮೂರನೇ ದಿನ ನಾಲಿಗೆ ಕಟ್ಟಿ ಕೂರುತ್ತಿತ್ತು. ನನ್ನ ಅವ್ವಿ ಕುಡಿಯಲು ದೂರದ ಬಾವಿಯಿಂದ ಹೊತ್ತು ತಂದ ಸಿಹಿ ನೀರಿನಲ್ಲಿ ಒಂದು ಲೋಟ ನನ್ನ ಪೆನ್ನಿಗೆ ಕೊಡುತ್ತಿದ್ದಳು, ಗೊಣಗುತ್ತಲೇ.

ಶಾಯಿ ಸಾಲದ ವ್ಯವಹಾರ ಬೇರೆಯೇ ಇತ್ತು. ಇಡೀ ಬಾಟಲಿ ಕೊಳ್ಳುವ ಶಕ್ತಿ ಇದ್ದವರು ಕಡಿಮೆ. ಅಂಗಡಿಯಲ್ಲಿ ಐದು ಪೈಸೆಗೆ ಒಂದು ಸಲ ಪೆನ್ನು ತುಂಬಿಸಿಕೊಡುತ್ತಿದ್ದರು. ಶಾಯಿ ಗುಳಿಗೆ ತಂದು ನೀರಿನಲ್ಲಿ ಕರಗಿಸುವವರೂ ಇದ್ದರು. ಒಂದು ಗುಳಿಗೆಗೆ ನೀರು ಜಾಸ್ತಿಯಾದರೆ ಅಕ್ಷರ ಆಕಾಶದ ಬಣ್ಣಕ್ಕೆ ತಿರುಗುತ್ತಿತ್ತು. ತರಗತಿಯ ಮಧ್ಯೆ ಮಸಿ ಮುಗಿದರೆ ಪಕ್ಕದವನ ಪೆನ್ನಿನಿಂದ ಹನಿ ಎಣಿಸಿ ಸಾಲ. ಹತ್ತು ಹನಿ ಪಡೆದವನು ನಾಳೆ ಹತ್ತು ಹನಿ ಮರಳಿಸಬೇಕು. ನನ್ನ ಒಬ್ಬ ಗೆಳೆಯ ಈಗ ಬ್ಯಾಂಕಿನಿಂದ ನಿವೃತ್ತನಾಗಿದ್ದಾನೆ. ಅವನಿಗೆ ನಾನು ಇನ್ನೂ ಆರು ಹನಿ ಕೊಡಬೇಕಿದೆಯಂತೆ, ಸಿಕ್ಕಾಗಲೆಲ್ಲ ಕೇಳುತ್ತಾನೆ.

ಒಂದು ಸಾಲ ಮಾತ್ರ ಯಾರೂ ಕೊಡುತ್ತಿರಲಿಲ್ಲ. ಮಸಿ ಕೊಟ್ಟಾರು, ಪೆನ್ನು ಕೊಡರು. ಪ್ರತಿಯೊಬ್ಬರೂ ನಿಬ್ಬನ್ನು ಒಂದೊಂದು ಓರೆಯಲ್ಲಿ ಹಿಡಿಯುತ್ತಾರೆ. ತಿಂಗಳುಗಟ್ಟಲೆ ಬರೆದ ಮೇಲೆ ಮೊನೆ ಆ ಕೈಗೆ ತಕ್ಕಂತೆ ಸವೆದಿರುತ್ತದೆ. ಬೇರೆಯವರು ಒತ್ತಿ ಬರೆದರೆ ಅದರ ಹದ ಕೆಡುತ್ತದೆ ಎಂದು ಎಲ್ಲರೂ ನಂಬಿದ್ದರು. ಕನ್ನಡ ಮಾಸ್ತರರ ಪೆನ್ನಂತೂ ಮುಟ್ಟುವ ಮಾತೇ ಇಲ್ಲ. ದಪ್ಪನೆಯ ಕಪ್ಪು ಎಬೊನೈಟ್ ಪೆನ್ನು. ಹಿಡಿದ ಜಾಗದಲ್ಲಿ ಮಾಸಿ ಕಂದು ಬಣ್ಣಕ್ಕೆ ತಿರುಗಿತ್ತು. ಹಾಜರಿ ಪುಸ್ತಕ, ಪಾಠ ಟಿಪ್ಪಣಿ, ನಮ್ಮ ನಿಬಂಧಗಳ ತಿದ್ದುವಿಕೆ, ಎಲ್ಲ ಅದರಲ್ಲೇ. ಅದು ಒಮ್ಮೆಯೂ ಕಕ್ಕಿದ್ದನ್ನಾಗಲೀ, ಕೊಡವಿದ್ದನ್ನಾಗಲೀ ನಾವು ನೋಡಿರಲಿಲ್ಲ.

ಈಗ ಆ ಕಲೆಯ ಕಥೆ. 1974ರ ಮಾರ್ಚ್ 1ರಿಂದ ರಾಜ್ಯದಲ್ಲಿ ಭೂಸುಧಾರಣೆಯ ತಿದ್ದುಪಡಿ ಕಾಯಿದೆ ಜಾರಿಗೆ ಬಂದಿತ್ತು. ದೇವರಾಜ ಅರಸರು ಮುಖ್ಯಮಂತ್ರಿ. ಗೇಣಿಯ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುತ್ತಿರುವ ಗೇಣಿದಾರ ಫಾರ್ಮ್ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿದರೆ ಅಧಿಭೋಗದಾರಿಕೆಯ ಹಕ್ಕು ಸಿಗುತ್ತದೆ ಎಂದಾಯಿತು. ನಮ್ಮ ಜಿಲ್ಲೆಯಲ್ಲಿ ಇದು ಒಮ್ಮೆಲೇ ಬಂದದ್ದಲ್ಲ. ದಿನಕರ ದೇಸಾಯಿಯವರು ರೈತರನ್ನು ಸಂಘಟಿಸಿ, ಅದಕ್ಕಾಗಿ 1940ರಲ್ಲಿ ಜಿಲ್ಲೆಯಿಂದ ಗಡಿಪಾರಾಗಿದ್ದರು. ಅದೇ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಹಳ್ಳಿಗೆ ಹೈಸ್ಕೂಲು ತಂದರು. ಭೂಮಿಯ ಹೋರಾಟಗಾರ ಶಾಲೆಯನ್ನೇಕೆ ಕಟ್ಟಿದ ಎಂದು ನನಗೆ ತಿಳಿದದ್ದು ಆ ಮಳೆಗಾಲದಲ್ಲಿ.

ಏಕೆಂದರೆ ಹಕ್ಕು ಬಂದರೂ ಅದು ಕಾಗದದ ಮೇಲೆ ಬರಬೇಕಿತ್ತು. ಅರ್ಜಿದಾರನ ಹೆಸರು, ಜಮೀನಿನ ಒಡೆಯನ ಹೆಸರು, ಸರ್ವೆ ನಂಬರು, ಹಿಸ್ಸೆ, ಎಕರೆ, ಗುಂಟೆ, ಎಷ್ಟು ವರ್ಷದಿಂದ ಗೇಣಿ. ನ್ಯಾಯಮಂಡಳಿಯ ಮುಂದೆ ಆಗ ವಕೀಲರಿಗೆ ಅವಕಾಶವಿರಲಿಲ್ಲ. ಬಡವನಿಗೆ ಅದೊಂದು ಅನುಕೂಲ ಹೌದು, ಆದರೆ ಅರ್ಜಿ ಬರೆದವನು ತಪ್ಪಿದರೆ ತಿದ್ದುವವರೂ ಇಲ್ಲ. ಊರಿನಲ್ಲಿ ಚೆನ್ನಾಗಿ ಬರೆಯಬಲ್ಲವರು ಹೆಚ್ಚಿನವರು ಯಾರ ಕಡೆಯವರು ಎಂದು ನಾನು ವಿವರಿಸಬೇಕಾಗಿಲ್ಲ. ಗೇಣಿದಾರನು ಒಡೇರ ಮೇಲಿನ ಅರ್ಜಿಯನ್ನು ಒಡೇರ ಜಗಲಿಗೆ ಹೋಗಿ ಬರೆಸುವುದು ಹೇಗೆ?

ಒಂದು ಸಂಜೆ ಅಪ್ಪ ಕುಮಟೆಯಿಂದ ಎರಡು ಫಾರ್ಮು ತಂದು ನನ್ನ ಮುಂದಿಟ್ಟ. "ತಮಾ, ಸಮಾ ನೋಡ್ಕಂಡ್ ಬರಿ" ಎಂದ. ಹೊರಗೆ ಮಳೆ. ಚಿಮಣಿ ದೀಪದ ಬೆಳಕು. ಮನೆಯವರೆಲ್ಲ ಸುತ್ತ ಕೂತಿದ್ದಾರೆ. ಹೆಸರು ಬರೆದೆ, ಊರು ಬರೆದೆ. ಸರ್ವೆ ನಂಬರಿನ ಕಾಲಮ್ಮಿಗೆ ಬಂದು, ಅಪ್ಪ ಮಡಿಲಿನಿಂದ ಪಹಣಿಯ ಚೀಟಿ ತೆಗೆಯುವ ತನಕ ಪೆನ್ನನ್ನು ಕಾಗದದ ಮೇಲೆ ಹಿಡಿದೇ ಕಾದೆ. ಚೀಟಿ ಬಿಚ್ಚುವಷ್ಟರಲ್ಲಿ ಪೆನ್ನು ಕಕ್ಕಿತು. ನೀಲಿ ಹನಿ ಸರಿಯಾಗಿ ಆ ಕಾಲಮ್ಮಿನ ಮೇಲೆಯೇ ಬಿದ್ದು, ಮಳೆಗಾಲದ ಥಂಡಿ ಹಿಡಿದ ಕಾಗದದಲ್ಲಿ ಮೆಲ್ಲಗೆ ಹರಡಿತು. ಯಾರೂ ಮಾತಾಡಲಿಲ್ಲ. ಅಪ್ಪ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವನು ಉಳಿದ ಒಂದು ಫಾರ್ಮನ್ನು ತೆಗೆದು ಮತ್ತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟ.

ಮರುದಿನ ನಾನು ಶಾಲೆ ಬಿಟ್ಟ ಮೇಲೆ ಕನ್ನಡ ಮಾಸ್ತರರ ಹತ್ತಿರ ಹೋಗಿ, ನೀವೇ ಬರೆದುಕೊಡಿ ಸರ್ ಎಂದೆ. ಅವರು ಎಲ್ಲ ಕೇಳಿ, ನನ್ನ ಪೆನ್ನು ಇಸಿದುಕೊಂಡು ಬಿಚ್ಚಿ ಬೆಳಕಿಗೆ ಹಿಡಿದರು. "ಕಾಲು ಭಾಗವೂ ಇಲ್ಲ. ಒಳಗೆಲ್ಲ ಗಾಳಿ. ಕೈಯ ಬಿಸಿಗೆ ಗಾಳಿ ಹಿಗ್ಗುತ್ತದೆ, ಮಸಿಯನ್ನು ಹೊರಗೆ ದೂಡುತ್ತದೆ. ಹೊಟ್ಟೆ ತುಂಬಿದ ಪೆನ್ನು ಕಕ್ಕುವುದಿಲ್ಲ, ಹಸಿದದ್ದು ಕಕ್ಕುತ್ತದೆ" ಎಂದರು. ಆಮೇಲೆ ಕುರ್ಚಿಯಿಂದ ಎದ್ದರು, ನನ್ನನ್ನು ಅಲ್ಲಿ ಕೂರಿಸಿದರು, ತಮ್ಮ ಜೇಬಿನ ಪೆನ್ನನ್ನು ತೆಗೆದು ಕ್ಯಾಪು ಬಿಚ್ಚಿ ನನ್ನ ಕೈಗಿಟ್ಟರು. "ನೀನೇ ಬರಿ. ನಿನ್ನ ಅಪ್ಪನ ಗದ್ದೆ."

ಆ ಪೆನ್ನು ಹೇಗಿತ್ತು ಎಂದು ಹೇಳಲು ನನಗೆ ಈಗಲೂ ಸರಿಯಾದ ಮಾತು ಸಿಕ್ಕಿಲ್ಲ. ಒತ್ತಬೇಕಾಗಿಯೇ ಇರಲಿಲ್ಲ. ತಾಗಿಸಿದರೆ ಸಾಕು, ಬರೆಯುತ್ತಿತ್ತು, ಎತ್ತಿದರೆ ನಿಲ್ಲುತ್ತಿತ್ತು. ನನ್ನ ಕೈ ನಡುಗುತ್ತಿದ್ದರೂ ಅಕ್ಷರ ನಡುಗಲಿಲ್ಲ. ಮಾಸ್ತರರು ಬಳಸುತ್ತಿದ್ದದ್ದು ಬ್ಲೂ ಬ್ಲ್ಯಾಕ್ ಶಾಯಿ. ಅಣಲೆಕಾಯಿ ಅನ್ನಭೇದಿಯ ಮಾತು ಹೇಳಿದೆನಲ್ಲ, ಹಳೆಯ ಪದ್ಧತಿಯ ಬ್ಲೂ ಬ್ಲ್ಯಾಕ್ ಅದೇ ವಂಶದ್ದು: ಒಗರು ಮತ್ತು ಕಬ್ಬಿಣ. ಬರೆಯುವಾಗ ನೀಲಿ, ಒಣಗಿದ ಮೇಲೆ ಕಪ್ಪು. ನಾವು ಹುಡುಗರು ಬಣ್ಣ ಚೆಂದ ಎಂದು ಬಳಸುತ್ತಿದ್ದ ರಾಯಲ್ ಬ್ಲೂ ಬೇರೆ ಜಾತಿ. ಅಂಗಿಯ ಕಲೆ ಒಗೆದರೆ ಹೋಗಲಿ ಎಂದೇ ಮಾಡಿದ್ದು. ನಮ್ಮ ಕಡೆಯ ಮಳೆಯಲ್ಲಿ ಅರ್ಜಿ ಬರೆಯಲು ಅದಕ್ಕಿಂತ ಕೆಟ್ಟ ಶಾಯಿ ಇನ್ನೊಂದಿಲ್ಲ. ಈ ಪಾಠವನ್ನೂ ನಾನು ಬೇರೆಯವರ ಖರ್ಚಿನಲ್ಲಿ ಕಲಿತೆ. ನಾನು ಫಾರ್ಮು ತುಂಬಿದ ಸುದ್ದಿ ಕೇರಿಯಲ್ಲಿ ಹಬ್ಬಿ ಸಂಜೆಯಾದರೆ ಒಬ್ಬರಲ್ಲ ಒಬ್ಬರು ಬರತೊಡಗಿದರು. ಒಬ್ಬ ಅಜ್ಜನಿಗೆ ನನ್ನದೇ ಪೆನ್ನಿನಲ್ಲಿ, ಈ ಸಲ ಹೊಟ್ಟೆ ತುಂಬಿಸಿಯೇ, ರಾಯಲ್ ಬ್ಲೂದಲ್ಲಿ ಬರೆದುಕೊಟ್ಟೆ. ಅಜ್ಜ ಅದನ್ನು ಮಡಚಿ ಸೊಂಟದಲ್ಲಿ ಸಿಕ್ಕಿಸಿಕೊಂಡು ಕುಮಟೆಗೆ ಹೊರಟ. ಬಸ್ಸು ಹತ್ತುವಷ್ಟರಲ್ಲಿ ನೆನೆದ. ಕಚೇರಿಯ ಮೇಜಿನ ಮೇಲೆ ಬಿಚ್ಚಿದರೆ ಸರ್ವೆ ನಂಬರು ಇರಬೇಕಾದಲ್ಲಿ ನೀಲಿ ನೀರು. ಪುಣ್ಯಕ್ಕೆ ಅವಧಿ ಇತ್ತು. ಅರ್ಜಿಯ ಗಡುವನ್ನು ಮುಂದೆ ಮುಂದೆ ಹಾಕುತ್ತ ಕೊನೆಗೆ 1979ರ ಜೂನ್ 30ರ ತನಕ ಕೊಟ್ಟರು. ಮತ್ತೆ ಬರೆದುಕೊಟ್ಟೆ, ಬ್ಲೂ ಬ್ಲ್ಯಾಕಿನಲ್ಲಿ. ಮಾಸ್ತರರು ಅರ್ಧ ಬಾಟಲಿ ಶಾಯಿಯನ್ನು ನನ್ನ ಕೈಗೆ ಕೊಟ್ಟು, ಅದಕ್ಕೆ ಬೇರೆ ಶಾಯಿ ಬೆರೆಸಬೇಡ, ಎರಡು ಜಾತಿ ಕೂಡಿದರೆ ಗಸಿ ಕಟ್ಟುತ್ತದೆ ಎಂದು ಎಚ್ಚರಿಸಿದ್ದರು.

ಎಷ್ಟು ಅರ್ಜಿ ಬರೆದೆನೋ ಲೆಕ್ಕ ಇಟ್ಟಿಲ್ಲ. ನಾನೊಬ್ಬನೇ ಅಲ್ಲ, ಆ ವರ್ಷಗಳಲ್ಲಿ ನಮ್ಮ ಶಾಲೆಯಲ್ಲಿ ಓದಿದ ಅನೇಕರು, ಹುಡುಗಿಯರೂ, ತಂತಮ್ಮ ಕೇರಿಯಲ್ಲಿ ಈ ಕೆಲಸ ಮಾಡಿದ್ದಾರೆ. ಹೈಸ್ಕೂಲು ಮಕ್ಕಳು ಗೇಣಿಯ ಅರ್ಜಿ ಬರೆಯುತ್ತಿದ್ದಾರೆ ಎಂದು ಕೆಲವರಿಗೆ ಸಿಟ್ಟೂ ಬಂದಿತ್ತು. ಅರ್ಜಿ ಹಾಕದೆ ಉಳಿದವರೂ ಇದ್ದರು. ಒಡೇರ ಮುಖ ನೋಡುವುದು ಹೇಗೆ ಎಂದು ಕೆಲವರು, ಹಬ್ಬಕ್ಕೆ ಎಲೆ ಹಾಕಿ ಊಟ ಕೊಟ್ಟ ಮನೆ ಎಂದು ಕೆಲವರು. ಅವರನ್ನು ನಾನು ತಪ್ಪೆನ್ನಲಾರೆ. ಒಡೆಯರಲ್ಲೂ ತಾವೇ ಕರೆದು ಅರ್ಜಿ ಹಾಕಿಸಿದವರು ಇದ್ದರು, ಗೇಣಿಯನ್ನೇ ನಂಬಿ ಬದುಕಿದ್ದ ಸಣ್ಣ ಹಿಡುವಳಿಯ ವಿಧವೆಯರೂ ಇದ್ದರು. ಆ ಕಥೆಯನ್ನೂ ಯಾರಾದರೂ ಬರೆಯಬೇಕು.

ನಮ್ಮ ವಿಚಾರಣೆ ಬರಲು ವರ್ಷಗಳೇ ಹಿಡಿದವು. ಗಜನಿಯ ಗದ್ದೆ ಅಪ್ಪನ ಹೆಸರಿಗಾಯಿತು. ಮುಂದೆ ಫಾರ್ಮ್ ನಂಬರ್ 10 ಬಂತು. ಮೇಲಿನ ಮಕ್ಕಿ ಗದ್ದೆ ಸಿಗಲಿಲ್ಲ. ಅದನ್ನು ಅಜ್ಜನ ಕಾಲದಿಂದ ಉತ್ತಿದ್ದೆವು, ವರ್ಷವರ್ಷ ಗೇಣಿ ಅಳೆದಿದ್ದೆವು, ಆದರೆ ಒಂದು ಚೀಟಿ ಇರಲಿಲ್ಲ. ಪಹಣಿಯಲ್ಲೂ ಹೆಸರಿರಲಿಲ್ಲ. ಅಳೆದು ಕೊಟ್ಟದ್ದಕ್ಕೆ ಬರೆದುಕೊಡಿ ಎಂದು ಕೇಳುವ ಪದ್ಧತಿಯೇ ನಮ್ಮಲ್ಲಿ ಇರಲಿಲ್ಲ. ಅಪ್ಪ ಆಮೇಲೆ ಸಾಯುವ ತನಕ ಯಾರಿಗೆ ಹತ್ತು ರೂಪಾಯಿ ಕೊಟ್ಟರೂ ನನ್ನಿಂದಲೋ ತಂಗಿಯಿಂದಲೋ ಬರೆಸಿ ಇಡುತ್ತಿದ್ದ. ಸಹಿ ಹಾಕುವುದನ್ನೂ ಕಲಿತ. ಅವನ ಹೆಸರಿನ ಮೂರು ಅಕ್ಷರ ಬರೆಯಲು ಎರಡು ತಿಂಗಳು ಹಿಡಿಯಿತು. ನೊಗ ಹಿಡಿದ ಕೈ ನಿಬ್ಬನ್ನು ಒತ್ತಿ ಒತ್ತಿ ನನ್ನ ಕೆಂಪು ಪೆನ್ನಿನ ಮೊನೆ ಎರಡಾಗಿ ಅಗಲಿತು. ಹೊಸ ನಿಬ್ಬು ಹಾಕಿಸಿಕೊಟ್ಟೆ.

ನಂತರದ ಕಥೆ ಬೇಗ ಮುಗಿಯುತ್ತದೆ. ಕೊಲ್ಲಿ ದೇಶಕ್ಕೆ ಹೋದವರಿಂದಾಗಿ ಭಟ್ಕಳದ ಅಂಗಡಿಗಳಲ್ಲಿ ಫಾರಿನ್ ಸಾಮಾನು ಸಿಗತೊಡಗಿದಾಗ ಚೀನಾದ ಹೀರೋ ಪೆನ್ನು ನಮ್ಮ ಕಡೆಗೂ ಧಾರಾಳವಾಗಿ ಬಂತು; ನಿಬ್ಬನ್ನು ಮುಸುಕಿನೊಳಗೆ ಅಡಗಿಸಿಕೊಂಡ, ಅಮೆರಿಕದ ಪಾರ್ಕರ್ 51ನ್ನು ನೋಡಿ ಮಾಡಿದ ಪೆನ್ನು. ಅಗ್ಗ, ಗಟ್ಟಿ, ನಂಬಬಹುದಾದದ್ದು. ಮದುವೆಗೆ, ಪಾಸಾದವರಿಗೆ ಅದೇ ಉಡುಗೊರೆ. ಹಿಂದೆಯೇ ಬಾಲ್ ಪೆನ್ನು ಬಂತು. ಹಂಗೇರಿಯ ಬೀರೋ ಅದಕ್ಕೆ 1938ರಲ್ಲೇ ಪೇಟೆಂಟ್ ಪಡೆದಿದ್ದರೂ, ನಮ್ಮ ಮಾಸ್ತರರು ಬಹಳ ಕಾಲ ಅದನ್ನು ತರಗತಿಯೊಳಗೆ ಬಿಡಲಿಲ್ಲ. ಅಕ್ಷರ ಕೆಡುತ್ತದೆ ಎಂಬ ಕಾರಣಕ್ಕೆ. 1980ರ ದಶಕದಲ್ಲಿ ರೆನಾಲ್ಡ್ಸ್ ಬಂದ ಮೇಲೆ ಆ ಬೇಲಿಯೂ ಉಳಿಯಲಿಲ್ಲ. ನಾನು ಬಾಲ್ ಪೆನ್ನನ್ನು ದೂರುವವನಲ್ಲ. ಅದು ಕಕ್ಕುವುದಿಲ್ಲ, ಮಳೆಗೆ ಅಳಿಯುವುದಿಲ್ಲ. ಆ ಅಜ್ಜನ ಕೈಯಲ್ಲಿ ಬಾಲ್ ಪೆನ್ನಿನ ಅರ್ಜಿ ಇದ್ದಿದ್ದರೆ ಅವನು ಎರಡು ಸಲ ಕುಮಟೆಗೆ ಹೋಗಬೇಕಾಗಿರಲಿಲ್ಲ. ಆದರೆ ಮಸಿ ಮುಗಿದೊಡನೆ ಅದನ್ನು ಎಸೆಯುತ್ತೇವೆ, ನಮ್ಮ ಕೈಯನ್ನು ಅದು ಗುರುತಿಸುವಷ್ಟು ಕಾಲ ನಮ್ಮ ಜೊತೆ ಇರುವುದಿಲ್ಲ.

ಮಾಸ್ತರರು ನಿವೃತ್ತರಾದ ಮೇಲೆ ಒಮ್ಮೆ ಅವರ ಮನೆಗೆ ಹೋಗಿದ್ದೆ. ಪೆನ್ನು ಆಗಲೂ ಜೇಬಿನಲ್ಲಿತ್ತು. ಯಾವ ಕಂಪನಿಯದು ಸರ್ ಎಂದು ಕೊನೆಗೂ ಕೇಳಿದೆ. ಅವರು ಕನ್ನಡಕ ಏರಿಸಿ, ತಿರುಗಿಸಿ ನೋಡಿ, "ಇಲ್ಲೇನೋ ಬರೆದಿತ್ತು, ಸವೆದು ಹೋಗಿದೆ" ಎಂದರು. ಮೂವತ್ತು ವರ್ಷದಲ್ಲಿ ಎರಡು ಸಲ ನಿಬ್ಬು, ಒಂದು ಸಲ ನಾಲಿಗೆ, ಒಂದು ಸಲ ಕ್ಯಾಪಿನ ಕ್ಲಿಪ್ಪು ಬದಲಾಗಿತ್ತಂತೆ. ಹಾಗಾದರೆ ಹಳೆಯದು ಉಳಿದದ್ದು ಏನು ಎಂದರೆ, ಹೊಟ್ಟೆ ಒಂದೇ ಎಂದು ನಕ್ಕರು.

ಮಹೋತ್ಸವದ ದಿನ ಶಾಲೆಯ ಒಂದು ಕೋಣೆಯಲ್ಲಿ ಹಳೆಯ ವಸ್ತುಗಳ ಪ್ರದರ್ಶನ ಇಡಬೇಕೆಂದು ಸಂಪಾದಕ ಮಂಡಳಿಯವರನ್ನು ಕೇಳಿದ್ದೇನೆ, ಒಪ್ಪಿದ್ದಾರೆ. ನಿಮ್ಮ ಅಟ್ಟದಲ್ಲಿ, ಪೆಟ್ಟಿಗೆಯಲ್ಲಿ ಟಾಕು, ದೌತಿ, ಹಳೇ ಪೆನ್ನು, ಶಾಯಿ ಬಾಟಲಿ ಇದ್ದರೆ ತನ್ನಿ. ಫಾರ್ಮ್ ನಂಬರ್ 7ರ ಪ್ರತಿ ಇದ್ದರೆ ಅದನ್ನು ಬರೆದವರು ಯಾರೆಂದು ಮನೆಯ ಹಿರಿಯರನ್ನು ಕೇಳಿ, ಒಂದು ಚೀಟಿಯಲ್ಲಿ ಬರೆದು ಅಂಟಿಸಿ ತನ್ನಿ. ನಾನು ನಮ್ಮ ಮನೆಯ ಕಲೆ ಬಿದ್ದ ಫಾರ್ಮನ್ನು ತರುತ್ತೇನೆ. ಪೆನ್ನು ತರುವವರು ಒಳಗಿನ ಹಳೇ ಮಸಿಯನ್ನು ಮನೆಯಲ್ಲೇ ತೊಳೆದು ತಂದರೆ ಒಳ್ಳೆಯದು, ಸಿಹಿ ನೀರಿನಲ್ಲಿ.